ಅರವತ್ತು ಭಾಗ ಕನ್ನಡ, ಸೊನ್ನೆ ಭಾಗ ಅಕ್ಕರೆ

ಹೋದ ತಿಂಗಳು ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಗೆಳೆಯನೊಬ್ಬನಿಗಾಗಿ ಕಾಯುತ್ತ ನಿಂತಿದ್ದೆ. ಎದುರಿಗೆ ಹೊಸದಾಗಿ ಶುರುವಾದ ಒಂದು ಬೇಕರಿ. ಹೆಸರು ಬೇಡ, ಆ ರಸ್ತೆಯಲ್ಲಿ ಅಂಥವು ಹತ್ತಾರಿವೆ. ಅದರ ಇಂಗ್ಲಿಷ್ ಹೆಸರನ್ನು ಯಾರೋ ಮನಸ್ಸಿಟ್ಟು ಕೂತು ಬಿಡಿಸಿದ್ದರು. ಈಗಷ್ಟೇ ಒಲೆಯಿಂದ ತೆಗೆದ ಬನ್ನಿನ ಹಾಗೆ ಉಬ್ಬಿದ, ಒಂದರ ಮೈಮೇಲೊಂದು ಬೀಳುತ್ತಿರುವ ದಪ್ಪ ದಪ್ಪ ಅಕ್ಷರಗಳು. ನೋಡಿದರೆ ನಗು ಬರುತ್ತಿತ್ತು, ಹಸಿವೂ ಆಗುತ್ತಿತ್ತು. ಅದರ ಮೇಲುಗಡೆ, ಬೋರ್ಡಿನ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದು, ಅದೇ ಹೆಸರು ಕನ್ನಡದಲ್ಲಿತ್ತು. ಕಂಪ್ಯೂಟರ್ ತಾನಾಗಿ ಕೊಡುವ ಅಕ್ಷರ. ಜಾಗ ತುಂಬಲೆಂದು ಎರಡೂ ಕಡೆಯಿಂದ ಹಿಡಿದು ಎಳೆದದ್ದರಿಂದ ನಿಂತ ಗೆರೆಗಳು ಊದಿಕೊಂಡು, ಮಲಗಿದ ಗೆರೆಗಳು ಸಣಕಲಾಗಿ, ದುಂಡಗಿನ ಸೊನ್ನೆ ಕೋಳಿಮೊಟ್ಟೆಯಾಗಿತ್ತು. ‘ಬ್ರೆಡ್’ ಎಂದಿರಬೇಕಾದಲ್ಲಿ ಒತ್ತಕ್ಷರ ಕೂಡಿಕೊಳ್ಳದೆ ‘ಬ್‌ರೆಡ್’ ಎಂದಾಗಿತ್ತು.

ಕಾನೂನಿನ ಪ್ರಕಾರ ಆ ಬೋರ್ಡಿನಲ್ಲಿ ತಪ್ಪೇನೂ ಇಲ್ಲ. ಕನ್ನಡ ಇದೆ, ಮೇಲಿದೆ, ಅರವತ್ತು ಭಾಗ ಇದೆ. ಅಳೆಯಲು ಬಂದವರು ಸಮಾಧಾನದಿಂದ ವಾಪಸ್ ಹೋಗಬಹುದು. ನನ್ನ ಜಗಳ ಇರುವುದು ಆ ಸಮಾಧಾನದ ಜೊತೆಗೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಬೋರ್ಡಿನಲ್ಲಿ ಕನ್ನಡ ಕಡ್ಡಾಯ ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಈ ಊರಿನಲ್ಲಿ ಅಂಗಡಿ ಇಟ್ಟವರು ಈ ಊರಿನ ಭಾಷೆಯಲ್ಲಿ ತಮ್ಮ ಹೆಸರು ಹೇಳಿಕೊಳ್ಳಬೇಕು ಎನ್ನುವುದಕ್ಕೆ ಇಷ್ಟು ವರ್ಷ ಹೋರಾಡಬೇಕಾಯಿತಲ್ಲ ಎನ್ನುವುದೇ ಸೋಜಿಗ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಬಂತು. 2023ರ ಡಿಸೆಂಬರ್ 27ರಂದು ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಬೀದಿಗಿಳಿದರು, ಇಂಗ್ಲಿಷ್ ಬೋರ್ಡುಗಳು ಹರಿದವು, ಮುರಿದವು. ಸರ್ಕಾರ ಸುಗ್ರೀವಾಜ್ಞೆ ತರಹೊರಟಾಗ ರಾಜ್ಯಪಾಲರು ಅದನ್ನು ಹಿಂದಿರುಗಿಸಿದರು. 2024ರ ಫೆಬ್ರವರಿಯಲ್ಲಿ ವಿಧಾನಮಂಡಲವೇ ತಿದ್ದುಪಡಿಯನ್ನು ಅಂಗೀಕರಿಸಿತು. ಆಗಿನ ಬಿಬಿಎಂಪಿ ಅಂಗಡಿಗಳವರಿಗೆ ಅದೇ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿತ್ತು. ಆ ಕೆಲವು ವಾರ ದಂಡು ಪ್ರದೇಶದ, ಅಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರದ ಬೋರ್ಡು ಮಾಡುವವರಿಗೆ ಊಟಕ್ಕೆ ಪುರುಸೊತ್ತಿರಲಿಲ್ಲ. ನಾವು ಗೆದ್ದೆವು. ಗೆದ್ದು ತಂದದ್ದನ್ನು ಈಗ ಸ್ವಲ್ಪ ಹತ್ತಿರದಿಂದ ನೋಡೋಣ.

ಗೆದ್ದದ್ದು ಜಾಗವನ್ನು. ಅಕ್ಷರವನ್ನು ಅಲ್ಲ.

ಭಾಷೆಯನ್ನು ಜಾಗದಿಂದ ಅಳೆಯುವುದು ನಮ್ಮೊಬ್ಬರ ದಾರಿಯಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1977ರಿಂದ ಫ್ರೆಂಚ್ ಭಾಷೆಗಾಗಿ ಒಂದು ಕಟ್ಟುನಿಟ್ಟಿನ ಕಾನೂನಿದೆ. ಅದನ್ನು ಬಿಗಿಗೊಳಿಸಿದ ಮೇಲೆ, 2025ರ ಜೂನ್ 1ರಿಂದ, ಅಂಗಡಿಯ ಮುಂದೆ ಫ್ರೆಂಚಿಗೆ ಬೇರೆ ಭಾಷೆಗಿಂತ ಎರಡು ಪಟ್ಟು ಜಾಗ ಇರಬೇಕು. ಆದರೆ ಅಲ್ಲಿ ಜಾಗ ಕೊಟ್ಟರೆ ಗೌರವವೂ ಜೊತೆಗೇ ಬರುತ್ತದೆ. ಏಕೆಂದರೆ ಫ್ರೆಂಚಿಗೂ ಇಂಗ್ಲಿಷಿಗೂ ಲಿಪಿ ಒಂದೇ. ಕಂಪನಿ ತನ್ನ ಇಂಗ್ಲಿಷ್ ಹೆಸರಿಗೆ ಮಾಡಿಸಿಕೊಂಡ ಚೆಂದದ ಅಕ್ಷರದಲ್ಲೇ ಫ್ರೆಂಚನ್ನೂ ಬರೆಯುತ್ತದೆ, ಮೇಲೆರಡು ಚಿಹ್ನೆ ಸೇರಿಸಿದರೆ ಆಯಿತು. ನಮ್ಮ ಪಾಡು ಹಾಗಲ್ಲ. ಕನ್ನಡಕ್ಕೆ ಬೇರೆಯೇ ಲಿಪಿ ಇದೆ. ಇಂಗ್ಲಿಷಿಗೆ ಕೊಟ್ಟ ಹಣ, ಸಮಯ, ಕಣ್ಣು ಯಾವುದೂ ಕನ್ನಡಕ್ಕೆ ತಾನಾಗಿ ಹರಿದು ಬರುವುದಿಲ್ಲ. ಅದಕ್ಕಾಗಿ ಯಾರಾದರೂ ಮತ್ತೊಮ್ಮೆ ಕೂತು ಬಿಡಿಸಬೇಕು. ಜಾಗವನ್ನಷ್ಟೇ ಕೇಳಿದ ಕಾನೂನಿಗೆ ಜಾಗವಷ್ಟೇ ಸಿಕ್ಕಿತು. ಆ ಜಾಗವನ್ನು ತುಂಬಿಸುವ ಕೆಲಸ ಅಂಗಡಿಯ ವಿನ್ಯಾಸಕಾರನ ಕೈಯಿಂದ ತಪ್ಪಿ, ದಂಡ ಬೀಳದ ಹಾಗೆ ನೋಡಿಕೊಳ್ಳುವ ಮ್ಯಾನೇಜರನ ಕೈಗೆ ಹೋಯಿತು.

ಇಂದಿರಾನಗರದ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಮೇಲೆ ರೈಲು ಓಡುವ ಸಿಎಂಎಚ್ ರಸ್ತೆಯಲ್ಲಿ ಹಲಸೂರಿನ ಕಡೆಗೆ ಸುಮ್ಮನೆ ನಡೆದು ನೋಡಿ. ಕನ್ನಡಕ್ಕೆ ಅಲ್ಲಿ ಎರಡೇ ಮುಖ.

ಒಂದು, ನೋಟಿಸಿನ ಮುಖ. ವಿಂಡೋಸ್ ಜೊತೆಗೆ ಬಂದ ತುಂಗಾ, ಸರ್ಕಾರಿ ಕಚೇರಿಗಳ ನುಡಿ, ಫೋನಿನಲ್ಲೆಲ್ಲ ಕಾಣುವ ನೋಟೋ. ಇವುಗಳನ್ನು ನಾನು ಬೈಯುತ್ತಿಲ್ಲ. ಕನ್ನಡ ಕಂಪ್ಯೂಟರಿನಲ್ಲಿ ಬದುಕಿದ್ದೇ ಇಂಥವುಗಳಿಂದ. ಆದರೆ ಇವು ಓದುವ ಅಕ್ಷರಗಳು. ಪುಟದ ಮೇಲೆ, ಪರದೆಯ ಮೇಲೆ, ಸಣ್ಣದಾಗಿ, ಸಾಲುಸಾಲಾಗಿ ಕೂರಲೆಂದು ಮಾಡಿದವು. ಅವನ್ನು ಹತ್ತು ಅಡಿ ಎತ್ತರಕ್ಕೆ ಹಿಗ್ಗಿಸಿ ಕಾಫಿ ಅಂಗಡಿಯ ಹಣೆಗೆ ಹಚ್ಚಿದರೆ, ಕಾಫಿ ಅಂಗಡಿ ತಾಲ್ಲೂಕು ಕಚೇರಿಯಾಗುತ್ತದೆ. ಕೆಳಗೆ ಇಂಗ್ಲಿಷ್ ಕುಣಿಯುತ್ತಿರುತ್ತದೆ, ಮೇಲೆ ಕನ್ನಡ ಕೈಕಟ್ಟಿ ನಿಂತಿರುತ್ತದೆ.

ಎರಡನೆಯದು, ಮಗುವಿನ ಮುಖ. ಬಲೂ ತಮ್ಮ. ಹೆಸರು ಗೊತ್ತಿಲ್ಲದಿದ್ದರೂ ನೀವಿದನ್ನು ದಿನಕ್ಕೆ ನಾಲ್ಕು ಸಲ ನೋಡಿರುತ್ತೀರಿ. ಉಂಡು ತೇಗಿದಂಥ ದಪ್ಪ ಮೈ, ಚೂಪಿಲ್ಲದ ಅಂಚು, ಒಂದಿಷ್ಟೂ ಸಿಟ್ಟಿಲ್ಲದ ಅಕ್ಷರ. ಬೆಣ್ಣೆ ದೋಸೆಯ ಕ್ಯಾಂಟೀನು, ಚಾಟ್ಸ್ ಗಾಡಿ, ಪ್ಲೇ ಹೋಮು, ಹಲ್ಲಿನ ಡಾಕ್ಟರು, ರಾಜ್ಯೋತ್ಸವದ ಶುಭಾಶಯ, ಯೂಟ್ಯೂಬಿನ ಅಡುಗೆ ವಿಡಿಯೋದ ತಲೆಬರಹ, ಎಲ್ಲ ಕಡೆಯೂ ಅದೇ.

ಈ ಬಲೂವಿನ ಮೇಲೆ ನನಗೆ ನಿಜವಾಗಿಯೂ ಪ್ರೀತಿ ಇದೆ. ಮುಂಬೈನ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕಾರರ ಗುಂಪು ಮಾಡಿದ ಕುಟುಂಬ ಇದು. ಜಂಗಲ್ ಬುಕ್ಕಿನ ಕರಡಿಯ ಹೆಸರು. ಒಂದೊಂದು ಲಿಪಿಗೂ ಆಯಾ ಭಾಷೆಯವರು ಕರೆಯುವ ಹಾಗೆ ಒಂದೊಂದು ಬಾಲ: ತಮಿಳಿಗೆ ಬಲೂ ತಂಬಿ, ತೆಲುಗಿಗೆ ತಮ್ಮುಡು, ಮಲಯಾಳಕ್ಕೆ ಚೇಟ್ಟನ್, ಬಂಗಾಳಿಗೆ ದಾ, ಗುರುಮುಖಿಗೆ ಪಾಜಿ, ಉರ್ದುವಿಗೆ ಭಾಯಿಜಾನ್, ಕನ್ನಡಕ್ಕೆ ತಮ್ಮ. ಕನ್ನಡ, ತಮಿಳು, ಉರ್ದು, ತೆಲುಗು ಒಂದೇ ಗೋಡೆಯ ಮೇಲೆ ಕಂಡರೆ ಯಾರೂ ಬೆಚ್ಚಿಬೀಳದ ಶಿವಾಜಿನಗರಕ್ಕೆ ಇದಕ್ಕಿಂತ ಒಪ್ಪುವ ಕುಟುಂಬ ಬೇರೆ ಇಲ್ಲ. ಮುಕ್ತ ಪರವಾನಗಿಯದು. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ತಿದ್ದಲೂಬಹುದು. ಮೊದಲು ಒಂದೇ ತೂಕದಲ್ಲಿತ್ತು. ಈಗಿನ ಬಲೂ ತಮ್ಮ 2ರಲ್ಲಿ ಸಾದಾ ಅಕ್ಷರದಿಂದ ಅತಿ ದಪ್ಪದವರೆಗೆ ಐದು ತೂಕಗಳಿವೆ.

ಕನ್ನಡದಲ್ಲಿ ದಪ್ಪ ಅಕ್ಷರ ಮಾಡುವುದು ಎಷ್ಟು ಕಷ್ಟ ಎಂದು ತಿಳಿದವರಿಗಷ್ಟೇ ಇದರ ಬೆಲೆ ಗೊತ್ತಾಗುವುದು. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸೀಳು. ಬ–ಭ, ಡ–ಢ, ಪ–ಫ, ಎಲ್ಲದಕ್ಕೂ ಅದೇ ಕತೆ. ಪ ಮತ್ತು ಷ ನಡುವೆ ಇರುವುದು ಒಳಗಿನ ಒಂದು ಗೆರೆ. ಗೆರೆ ದಪ್ಪವಾಗುತ್ತ ಹೋದಂತೆ ಒಳಗಿನ ಬಿಳಿ ಜಾಗ ಕರಗುತ್ತದೆ, ಸೀಳು ಮುಚ್ಚಿಹೋಗುತ್ತದೆ, ಧನ ದನವಾಗುತ್ತದೆ. ಮೇಲೆ ತಲೆಕಟ್ಟು, ಗುಡಿಸು. ಪಕ್ಕದಲ್ಲಿ ಕೊಂಬು. ಕೆಳಗೆ ಒತ್ತು. ‘ರಾಷ್ಟ್ರ’ ಎಂದು ಬರೆಯಬೇಕೆಂದರೆ ಒಂದು ಅಕ್ಷರದ ಕೆಳಗೆ ಎರಡು ಒತ್ತು ಇಳಿಯಬೇಕು. ಅವೂ ದಪ್ಪವಾಗಿಯೇ ಇರಬೇಕು, ಆದರೆ ಮೇಲಿನ ಅಕ್ಷರವನ್ನು ನುಂಗಬಾರದು. ಇಷ್ಟನ್ನೂ ಸಂಭಾಳಿಸಿಕೊಂಡು, ಜೊತೆಗೆ ನಗುತ್ತಲೂ ಇರಬೇಕು. ಬಲೂ ತಮ್ಮ ಈ ಸರ್ಕಸ್ಸನ್ನು ಬೀಳದೆ ಮಾಡುತ್ತದೆ. ಎರಡು ಮೂರು ಪದದ ಹೆಸರು, ದೊಡ್ಡ ಗಾತ್ರ, ದೂರದಿಂದ ಓದಬೇಕಾದ ಜಾಗ, ಸಲುಗೆಯ ವ್ಯಾಪಾರ: ಇಂಥಲ್ಲಿ ಅದನ್ನು ಹಚ್ಚಿ, ಚೆನ್ನಾಗಿ ಕಾಣುತ್ತದೆ. ಔಷಧದ ಎಚ್ಚರಿಕೆಗೋ, ಇಡೀ ಪ್ಯಾರಾಗೋ, ಶ್ರದ್ಧಾಂಜಲಿಯ ಬ್ಯಾನರಿಗೋ ಹಚ್ಚಿದರೆ ಅದು ಬಲೂವಿನ ತಪ್ಪಲ್ಲ.

ತಪ್ಪು ಇರುವುದು ಮನೆಯಲ್ಲಿ ಒಂದೇ ಒಂದು ಒಳ್ಳೆ ಅಂಗಿ ಇಟ್ಟುಕೊಂಡ ನಮ್ಮಲ್ಲಿ. ಮದುವೆಗೂ ಅದೇ, ತಿಥಿಗೂ ಅದೇ. ಗೂಗಲ್ ಫಾಂಟ್ಸಿನಲ್ಲಿ ರೋಮನ್ ಲಿಪಿಗೆ ಸಾವಿರಕ್ಕೂ ಹೆಚ್ಚು ಅಕ್ಷರ ಕುಟುಂಬಗಳಿವೆ. ಕನ್ನಡದವನ್ನು ಎಣಿಸಲು ಎರಡು ಕೈಯ ಬೆರಳು ಮುಗಿದ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ಇರುವುದರಲ್ಲೂ ನಾವು ಹುಡುಕುವುದಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯ ಕನಡಕ ಇದೆ, ಶೀರ್ಷಿಕೆಗಳಿಗೆಂದೇ ಮಾಡಿದ ಪ್ರಯೋಗ. ಹುಬ್ಬಳ್ಳಿ ಎಂಬ ಹೆಸರಿನದೇ ಒಂದಿದೆ. ಇದೇ ಏಕ್ ಟೈಪಿನವರ ಅನೇಕ್ ಕನ್ನಡ ಇದೆ. ಅದು ಕಿರಿದಾಗಿಯೂ ಅಗಲವಾಗಿಯೂ, ತೆಳ್ಳಗೂ ದಪ್ಪಗೂ ಆಗಬಲ್ಲದು. ನಾನು ಮೊದಲು ಹೇಳಿದ ಬೇಕರಿಯವರು ಅಕ್ಷರವನ್ನು ರಬ್ಬರಿನಂತೆ ಎಳೆದರಲ್ಲ, ಅದರ ಅಗತ್ಯವೇ ಇರಲಿಲ್ಲ. ಅಗಲವಾದ ಜಾಗಕ್ಕೆ ಅಗಲವಾಗಿಯೇ ಬಿಡಿಸಿದ ಕನ್ನಡ ಪುಕ್ಕಟೆ ಸಿಗುತ್ತಿತ್ತು. ಹುಡುಕಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಕನ್ನಡಕ್ಕೆ ಯಾರೂ ಕೊಡಲಿಲ್ಲ.

ಇಲ್ಲಿ ನೋಟಿಸಿನ ಮುಖಕ್ಕಿಂತ ಮಗುವಿನ ಮುಖ ನನ್ನನ್ನು ಹೆಚ್ಚು ಕಾಡುತ್ತದೆ. ನೋಟಿಸು ಉದಾಸೀನ, ಅದು ಗೊತ್ತಿರುವ ಶತ್ರು. ಮುದ್ದು ಮಾಡುವುದರಲ್ಲಿ ಒಂದು ಕೀಳಂದಾಜು ಅಡಗಿದೆ. ಇಂಗ್ಲಿಷ್ ಅಕ್ಷರ ತುಂಟನಾಗಬಹುದು, ಪೋಲಿಯಾಗಬಹುದು, ಶ್ರೀಮಂತನಾಗಬಹುದು, ರಾತ್ರಿ ಹನ್ನೊಂದಕ್ಕೆ ಪಬ್ಬಿನ ಮುಂದೆ ಕೆಂಪು ನಿಯಾನಿನಲ್ಲಿ ಉರಿಯಬಹುದು. ಕನ್ನಡ ಮಾತ್ರ ದೋಸೆ ತಿನ್ನುವ ದುಂಡು ಮಗು. ಬ್ರೂವರಿಯ ಒಳಗೆ ಗೋಡೆಯ ಮೇಲೆ ‘ಗುರು’, ‘ಮಗಾ’, ‘ಸಕ್ಕತ್’ ಎಂದು ಬರೆಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹೊರಗೆ ಬೋರ್ಡಿನಲ್ಲಿ ಕನ್ನಡ ದಂಡಕ್ಕೆ ಹೆದರಿ ನಿಂತಿರುತ್ತದೆ. ಒಳಗೆ ತಮಾಷೆ, ಹೊರಗೆ ಶಿಕ್ಷೆ. ಇವೆರಡರ ನಡುವೆ ಒಂದು ಭಾಷೆಗೆ ಇರಬೇಕಾದ ಸಾವಿರ ಚಹರೆಗಳು ಎಲ್ಲಿ ಹೋದವು?

2017ರ ಡಿಸೆಂಬರಿನಲ್ಲಿ ಬೆಂಗಳೂರಿಗೇ ಒಂದು ಲಾಂಛನ ಬಂತು, ನೆನಪಿರಬಹುದು. ಕನ್ನಡ ಅಕ್ಷರ, ಇಂಗ್ಲಿಷ್ ಅಕ್ಷರ ಎರಡೂ ಇದ್ದವು. ಆಟವೂ ಇತ್ತು: ಕೆಲವು ಅಕ್ಷರಗಳನ್ನು ಕೆಂಪಾಗಿಸಿ ‘ಬಿ ಯು’, ನೀನು ನೀನಾಗಿರು, ಎಂದು ಓದುವ ಹಾಗೆ. ಆ ಶ್ಲೇಷೆ ಇಂಗ್ಲಿಷ್ ಓದುವವರಿಗೆ ಮಾತ್ರ. ಕನ್ನಡ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿತು. ಆಟ ಆಡುವ ಹಕ್ಕು ಒಂದು ಭಾಷೆಗೆ, ಹಾಜರಿ ಹಾಕುವ ಕರ್ತವ್ಯ ಇನ್ನೊಂದಕ್ಕೆ.

ಇದು ಹೀಗೇ ಇತ್ತೇ? ಇಲ್ಲ. ನನ್ನ ಪಿಎಚ್‌ಡಿ ವಿಷಯ ಹಳೆಯ ಕನ್ನಡ ಪತ್ರಿಕೆಗಳ ಜಾಹೀರಾತು. ಆ ಪುಟಗಳನ್ನು ತಿರುವಿ ಹಾಕಿದವರಿಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಸುದ್ದಿಯೆಲ್ಲ ಅಚ್ಚುಮೊಳೆಯ ಒಂದೇ ಅಕ್ಷರದಲ್ಲಿ. ಆದರೆ ತಲೆನೋವಿನ ಮುಲಾಮು, ಅಗರಬತ್ತಿ, ಸಿನಿಮಾ, ಒಂದೊಂದರ ಹೆಸರಿಗೂ ಒಂದೊಂದು ಮೈಕಟ್ಟು. ಏಕೆಂದರೆ ದೊಡ್ಡ ಗಾತ್ರದ ಬಗೆಬಗೆಯ ಕನ್ನಡ ಮೊಳೆಗಳು ಮುದ್ರಣಾಲಯಗಳಲ್ಲಿ ಇರುತ್ತಿರಲಿಲ್ಲ. ಕಲಾವಿದನೊಬ್ಬ ಕೈಯಲ್ಲಿ ಬರೆದು, ಅದನ್ನು ಬ್ಲಾಕ್ ಮಾಡಿಸಬೇಕಿತ್ತು. ಕೊರತೆಯೇ ವೈವಿಧ್ಯಕ್ಕೆ ಕಾರಣವಾಯಿತು. ಭೂತದ ಸಿನಿಮಾದ ಹೆಸರಿನಿಂದ ರಕ್ತ ಸೋರುತ್ತಿತ್ತು, ಪೌರಾಣಿಕದ ಹೆಸರು ಕಲ್ಲಿನಲ್ಲಿ ಕಡೆದಂತಿತ್ತು, ಹಾಸ್ಯದ ಹೆಸರು ಎಡವಿ ಬೀಳುತ್ತಿತ್ತು. ಅಂದು ಕನ್ನಡಕ್ಕೆ ಕುಣಿಯಲು ಬರುತ್ತಿತ್ತು.

ಬೀದಿಯಲ್ಲಿ ಆ ಕೆಲಸ ಮಾಡಿದವರು ಬೋರ್ಡು ಬರೆಯುವವರು. ಹಲಸೂರಿನ ಬಜಾರ್ ಬೀದಿಯ ಹಿಂದಿನ ಗಲ್ಲಿಯಲ್ಲಿ ಅಂಥ ಒಬ್ಬ ಹಿರಿಯರ ಜೊತೆ ನಾನು ಕೆಲವು ಸಂಜೆ ಕೂತಿದ್ದೇನೆ. ಮನೆಮಾತು ತಮಿಳು. ಶಾಲೆಯಲ್ಲಿ ಕನ್ನಡ ಕಲಿತವರಲ್ಲ, ಬೋರ್ಡು ಬರೆಯುತ್ತ ಬರೆಯುತ್ತ ಕಲಿತವರು. ಒತ್ತಕ್ಷರದ ಬಗ್ಗೆ ಕೇಳಿದೆ.

“ಮೊದ್ಲು ಒತ್ತಿಗೆ ಜಾಗ ಬಿಡ್ಬೇಕು ತಮ್ಮಾ” ಅಂದರು. “ಒತ್ತು ಅಂದ್ರೆ ಕೆಳಗಿನ ಮನೆಯವರು. ಅವ್ರಿಗೆ ಜಾಗ ಬಿಡ್ದೆ ಮೇಲೆ ಮನೆ ಕಟ್ಟಕ್ಕಾಗಲ್ಲ.”

ಸೀಮೆಸುಣ್ಣ ಹಚ್ಚಿದ ದಾರವನ್ನು ತಗಡಿನ ಮೇಲೆ ಎಳೆದು ಹೊಡೆದು ಗೆರೆ ಮೂಡಿಸುವುದನ್ನು ತೋರಿಸಿದರು. ಅಕ್ಷರಕ್ಕೆ ಎರಡು ಗೆರೆ, ಒತ್ತಿಗೆ ಮೂರನೆಯದು. ಶಿವಾಜಿನಗರ, ಹಲಸೂರು, ಇಂದಿರಾನಗರ ಎಂದರೆ ಆರಾಮ, ಮೂರನೆಯ ಗೆರೆಗೆ ಕೆಲಸವಿಲ್ಲ. ಕಂಟೋನ್ಮೆಂಟ್ ಎಂದರೆ, ಕೃಷ್ಣರಾಜಪುರ ಎಂದರೆ, ಲೆಕ್ಕ ಹಾಕಿಯೇ ಕೂರಬೇಕು. ಮಟನ್ ಅಂಗಡಿಗೆ ಒಂದು ಕೈ, ಬಂಗಾರದಂಗಡಿಗೆ ಇನ್ನೊಂದು ಕೈ. ನೆರಳು ಎಡಕ್ಕೋ ಬಲಕ್ಕೋ ಎಂದು ಬಿಸಿಲು ನೋಡಿ ತೀರ್ಮಾನ.

1809ರಲ್ಲಿ ಬ್ರಿಟಿಷ್ ದಂಡು ಇಲ್ಲಿ ಬೀಡುಬಿಟ್ಟಂದಿನಿಂದ ಈ ಕಡೆಯ ಊರು ಹಲವು ಭಾಷೆಯ ಊರು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯಾದವು. ಆದರೂ ‘ದಂಡಿನವರಿಗೆ ಕನ್ನಡ ಬರುವುದಿಲ್ಲ’ ಎಂಬ ಮಾತು ಇವತ್ತಿಗೂ ಇದೆ. ನಾನು ಭೇಟಿಯಾದ ಹಳೆಯ ಬೋರ್ಡು ಪೇಂಟರುಗಳಲ್ಲಿ ಮನೆಯಲ್ಲಿ ತಮಿಳು, ದಖ್ಖನಿ ಮಾತಾಡುವವರೇ ಹೆಚ್ಚು. ಕನ್ನಡ ಅವರಿಗೆ ಮೂರನೆಯ ಭಾಷೆಯೋ ನಾಲ್ಕನೆಯದೋ. ಆದರೂ ಒತ್ತಿಗೆ ಜಾಗ ಬಿಟ್ಟವರು ಅವರು. ಕನ್ನಡವನ್ನೇ ಉಸಿರಾಡುವ ನಾವು ಒತ್ತು ಮುರಿದ ಬೋರ್ಡಿನ ಕೆಳಗೆ ನಿಂತು, ಕನ್ನಡ ಬಂತಲ್ಲ ಸಾಕು ಎಂದು ಸೆಲ್ಫಿ ತೆಗೆದುಕೊಂಡೆವು. ಅಕ್ಷರದ ಮೇಲಿನ ಅಕ್ಕರೆಗೂ ಮಾತೃಭಾಷೆಗೂ ಇರುವ ನಂಟು ನಾವು ಅಂದುಕೊಂಡಷ್ಟು ಗಟ್ಟಿ ಅಲ್ಲ.

ಆಮೇಲೆ ಫ್ಲೆಕ್ಸ್ ಬಂತು. ಬ್ರಷ್ಷು ಡಬ್ಬಿ ಸೇರಿತು. 2018ರ ಆಗಸ್ಟಿನಲ್ಲಿ ಹೈಕೋರ್ಟು ಚಾಟಿ ಬೀಸಿ ಪಾಲಿಕೆ ಫ್ಲೆಕ್ಸ್ ನಿಷೇಧಿಸಿದಾಗ ಕೈಬರಹ ವಾಪಸ್ ಬರುತ್ತದೇನೋ ಎಂದು ಆ ಹಿರಿಯರಿಗೂ ಆಸೆಯಾಗಿತ್ತಂತೆ. ಬಂದದ್ದು ಎಲ್ಇಡಿ, ಅಕ್ರಿಲಿಕ್ ಅಕ್ಷರಗಳು. ಹಳೆಯದಕ್ಕೆ ಹಾತೊರೆಯುವುದು ನನ್ನ ಉದ್ದೇಶವಲ್ಲ. ಅಕ್ರಿಲಿಕ್ಕಿನಲ್ಲೂ ಚೆಂದದ ಕನ್ನಡ ಕತ್ತರಿಸಬಹುದು, ಕತ್ತರಿಸುವ ಮೊದಲು ಯಾರಾದರೂ ಬಿಡಿಸಿದ್ದರೆ.

ಇನ್ನು ಆಕ್ಷೇಪಗಳು. ಇದನ್ನು ಬರೆಯುವ ಮುಂಚೆ ಹಲವರ ಹತ್ತಿರ ವಾದ ಮಾಡಿದ್ದೇನೆ, ಉತ್ತರ ಕೊಡಬೇಕು.

‘ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇ?’ ಕನ್ನಡ ಚಳವಳಿಯ ಗೆಳೆಯರ ಮಾತಿದು. ಕನ್ನಡ ಶಾಲೆ ಮುಚ್ಚುತ್ತಿವೆ, ಕೆಲಸ ಸಿಗುತ್ತಿಲ್ಲ, ನೀನು ಅಕ್ಷರದ ಅಂದಚೆಂದ ಅಂತೀಯ. ಒಪ್ಪುತ್ತೇನೆ, ಶಾಲೆ ದೊಡ್ಡದು. ಆದರೆ ಬೋರ್ಡಿಗಾಗಿ ಬೀದಿಗಿಳಿದವರು ನಾವೇ ಅಲ್ಲವೇ? ಹೂವು ಬೇಕೆಂದು ಹಟ ಹಿಡಿದು, ಬಾಡಿದ್ದನ್ನು ಮುಡಿದು, ಆಮೇಲೆ ಹಿಟ್ಟಿನ ಮಾತಾಡುವುದು ಸರಿಯಲ್ಲ. ಕೆ.ಆರ್.ಪುರದಿಂದ ರೈಲು ಹತ್ತಿ ಇಂದಿರಾನಗರದ ಅಂಗಡಿಗಳಿಗೆ ಕೆಲಸಕ್ಕೆ ಬರುವ, ಕನ್ನಡ ಶಾಲೆಯಲ್ಲೇ ಓದಿದ ಹುಡುಗಿಗೆ ಆ ಬೋರ್ಡು ದಿನಾ ಒಂದು ಪಾಠ ಹೇಳುತ್ತದೆ: ದುಡ್ಡು, ಅಂದ, ತಮಾಷೆ ಇಂಗ್ಲಿಷಿನ ಕಡೆ ಇವೆ, ನಿನ್ನ ಭಾಷೆ ಕಾನೂನಿನ ಕಡೆ ಇದೆ. ಈ ಪಾಠವನ್ನು ಯಾವ ಶಾಲೆ ಅಳಿಸಬೇಕು?

‘ಕನ್ನಡ ಅಕ್ಷರ ಕಷ್ಟ, ಸಾಫ್ಟ್‌ವೇರ್ ಒಡೆಯುತ್ತದೆ.’ ಇದು ವಿನ್ಯಾಸ ಸಂಸ್ಥೆಗಳವರ ಮಾತು. ಒಡೆಯುವುದು ನಿಜ. ಯೂನಿಕೋಡಿನಲ್ಲಿ ಒತ್ತಕ್ಷರ ಎಂಬುದು ಪ್ರತ್ಯೇಕವಾಗಿ ಕೂತಿರುವುದಿಲ್ಲ. ವ್ಯಂಜನ, ವಿರಾಮ ಚಿಹ್ನೆ, ಇನ್ನೊಂದು ವ್ಯಂಜನ ಎಂದು ಸಾಲಾಗಿ ಬರುವುದನ್ನು ಸಾಫ್ಟ್‌ವೇರು ಫಾಂಟಿನ ಸಹಾಯದಿಂದ ಕೂಡಿಸಿ ತೋರಿಸಬೇಕು. ಅಡೋಬಿಯ ವಿನ್ಯಾಸ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದು ಬೇರೆಯೇ ಒಂದು ಸೆಟ್ಟಿಂಗ್ ಇದೆ. ಅದನ್ನು ಆರಿಸದಿದ್ದರೆ ಅಕ್ಷರ ಬಿಡಿಬಿಡಿಯಾಗುತ್ತದೆ. ಅಂದರೆ ಬೇಕರಿಯ ‘ಬ್‌ರೆಡ್’ ಒಂದು ಕ್ಲಿಕ್ಕಿನ ತಪ್ಪು. ಅಷ್ಟು ಸಣ್ಣದು, ಆದ್ದರಿಂದಲೇ ಅಷ್ಟು ದೊಡ್ಡದು. ಇಂಗ್ಲಿಷ್ ಹೆಸರಿನಲ್ಲಿ ಎರಡು ಅಕ್ಷರದ ನಡುವಿನ ಕೂದಲೆಳೆ ಅಂತರಕ್ಕೆ ನಾಲ್ಕು ಮೀಟಿಂಗ್ ಮಾಡುವ ಜನ, ಕನ್ನಡದ್ದನ್ನು ಓದಬಲ್ಲ ಒಬ್ಬರಿಗೂ ತೋರಿಸದೆ ಅಚ್ಚಿಗೆ ಕಳಿಸಿದರು. ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವರನ್ನು ಕೇಳಿದ್ದರೂ ಹೇಳುತ್ತಿದ್ದರು.

‘ಸಣ್ಣ ಅಂಗಡಿಯವನು ಡಿಸೈನರನ್ನು ಎಲ್ಲಿಂದ ತರಬೇಕು?’ ತರಬೇಕಾಗಿಲ್ಲ. ರಸೆಲ್ ಮಾರ್ಕೆಟ್ಟಿನ ಪಕ್ಕದ ಬಳೆ ಅಂಗಡಿಯವನೊಂದಿಗೆ ನನಗೆ ತಕರಾರಿಲ್ಲ. ಅವನು ಇಂಗ್ಲಿಷಿಗೂ ಖರ್ಚು ಮಾಡಿಲ್ಲ, ಕನ್ನಡಕ್ಕೂ ಮಾಡಿಲ್ಲ, ಎರಡೂ ಸಮಾನವಾಗಿ ಸೊಟ್ಟಗಿವೆ. ಅದರಲ್ಲೊಂದು ನ್ಯಾಯವಿದೆ. ಅವನು ಬಲೂ ತಮ್ಮನನ್ನು ಪುಕ್ಕಟೆ ತಂದು ಹಾಕಿಕೊಂಡರೆ ಸಂತೋಷವೇ. ನನ್ನ ಪ್ರಶ್ನೆ ಇಂಗ್ಲಿಷಿಗೆ ಹಣ ಸುರಿದು ಕನ್ನಡಕ್ಕೆ ಕೈ ಝಾಡಿಸಿದವರಿಗೆ.

‘ಬಲವಂತದಿಂದ ಪ್ರೀತಿ ಹುಟ್ಟುತ್ತದೆಯೇ?’ ಕಾನೂನನ್ನೇ ಒಪ್ಪದವರ ಮಾತಿದು. ಹುಟ್ಟುವುದಿಲ್ಲ. ಆದರೆ ಬಲವಂತವಿಲ್ಲದ ಕಾಲದಲ್ಲೂ ನಿಮಗೆ ಪ್ರೀತಿ ಹುಟ್ಟಿರಲಿಲ್ಲವಲ್ಲ. 2017ರಲ್ಲಿ ನಮ್ಮ ಮೆಟ್ರೋದ ಹಿಂದಿ ಫಲಕಗಳ ವಿರುದ್ಧ ದೊಡ್ಡ ಕೂಗೆದ್ದಾಗಲೂ ‘ಒಂದು ಬೋರ್ಡಿಗೆ ಇಷ್ಟೇಕೆ’ ಎಂದವರು ನೀವೇ. ಒಂದು ಬೋರ್ಡು ಅಷ್ಟು ಕ್ಷುಲ್ಲಕವಾದರೆ ನಿಮ್ಮ ಇಂಗ್ಲಿಷ್ ಲೋಗೋವನ್ನೂ ತುಂಗಾದ ಪಕ್ಕದಲ್ಲಿ ಟೈಮ್ಸ್ ನ್ಯೂ ರೋಮನ್ನಿನಲ್ಲಿ ಹಾಕಿಸಿ ನೋಡೋಣ.

ಹಾಗಾದರೆ ಏನು ಮಾಡಬೇಕು? ಅಕ್ಷರದ ಅಂದವನ್ನೂ ಕಾನೂನಿಗೆ ಸೇರಿಸಿ ಎಂದು ನಾನು ಕೇಳುವುದಿಲ್ಲ. ಅಂದವನ್ನು ಅಳೆಯಲು ಬರುವ ಇನ್‌ಸ್ಪೆಕ್ಟರನ್ನು ನೆನೆಸಿಕೊಂಡರೇ ಭಯವಾಗುತ್ತದೆ. ಆದರೆ ಮೂರು ಮಾತು ಹೇಳಬಹುದು.

ವ್ಯಾಪಾರಿಗಳಿಗೆ: ಈ ಊರಿನಲ್ಲಿ ಅಂಗಡಿ ತೆರೆಯುವ ಮೊದಲೇ, ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿಸುವ ದಿನವೇ, ಕನ್ನಡದಲ್ಲೂ ಬಿಡಿಸಿ. ಕೊನೆಯ ವಾರ ಅಲ್ಲ. ಇಂಗ್ಲಿಷ್ ಉಬ್ಬಿದ್ದರೆ ಕನ್ನಡವೂ ಉಬ್ಬಲಿ, ಇಂಗ್ಲಿಷ್ ಗಂಭೀರವಾಗಿದ್ದರೆ ಕನ್ನಡವೂ ಗಂಭೀರವಾಗಿರಲಿ. ಇಂಗ್ಲಿಷಿನದು ನಿಮ್ಮ ಲೋಗೋ, ಕನ್ನಡದ್ದು ಅದರ ಭಾಷಾಂತರ ಎಂಬ ಎಣಿಕೆ ಬಿಡಿ. ಎರಡೂ ಲೋಗೋಗಳೇ.

ಸರ್ಕಾರಕ್ಕೆ: ದಂಡ ಹಾಕುವ ಉತ್ಸಾಹದಲ್ಲಿ ಒಂದು ಪಾಲನ್ನು ಹೊಸ ಅಕ್ಷರ ಮಾಡಿಸಲು ತೋರಿಸಿ. ಲಂಡನ್ನಿನ ಭೂಗತ ರೈಲು 1916ರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಕೈಯಲ್ಲಿ ಮಾಡಿಸಿದ ಅಕ್ಷರ ಇಂದು ಆ ಊರಿನ ಗುರುತು. ನೂರು ವರ್ಷ ದಾಟಿದರೂ ಅದರ ವಂಶ ಅಲ್ಲಿನ ಫಲಕಗಳ ಮೇಲಿದೆ. ಬೆಂಗಳೂರಿನಷ್ಟು ದೊಡ್ಡ ಊರಿಗೆ ತನ್ನದೇ ಒಂದು ಕನ್ನಡ ಅಕ್ಷರ ಬೇಡವೇ? ವರ್ಷಕ್ಕೆ ಎರಡೇ ಎರಡು ಶೀರ್ಷಿಕೆಯ ಅಕ್ಷರಗಳನ್ನು ಮಾಡಿಸಿ ಮುಕ್ತವಾಗಿ ಬಿಡುಗಡೆ ಮಾಡಿದರೂ ಹತ್ತು ವರ್ಷದಲ್ಲಿ ಇಪ್ಪತ್ತಾಗುತ್ತವೆ. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲಿ ಬೋರ್ಡು ಬರೆದು ಬದುಕಿದವರಿಗೂ ಒಂದು ಸಾಲು ಇರಲಿ.

ಮೂರನೆಯದು ನಮಗೆ, ಸಾಹಿತ್ಯದವರಿಗೆ. ನಾವು ಕನ್ನಡವನ್ನು ಕಿವಿಯಿಂದ ಪ್ರೀತಿಸಿದವರು, ಕಣ್ಣಿನಿಂದ ಅಲ್ಲ. ಪದ್ಯದ ಲಯ ಅರ್ಧ ಮಾತ್ರೆ ತಪ್ಪಿದರೆ ಮುಖ ಕಿವುಚುತ್ತೇವೆ. ಅದೇ ಪದ್ಯದ ಶೀರ್ಷಿಕೆಯಲ್ಲಿ ಒತ್ತು ಅರ್ಧ ಕತ್ತರಿಸಿ ಹೋಗಿದ್ದರೆ ನಮಗೆ ಕಾಣುವುದೇ ಇಲ್ಲ. ನಮ್ಮ ವಿಚಾರ ಸಂಕಿರಣಗಳ ಬ್ಯಾನರು ನೋಡಿ, ಆಮಂತ್ರಣ ನೋಡಿ. ನಾನೂ ಹೊರತಲ್ಲ. ನನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಒಪ್ಪಿಸಿದಾಗ ಮುಖಪುಟದಲ್ಲಿ ‘ಜಾಹೀರಾತು’ ಎಂಬ ಪದ ಅಡ್ಡಡ್ಡ ಎಳೆದುಕೊಂಡಿತ್ತು. ಎಳೆದದ್ದು ನಾನೇ, ಒಂದೇ ಸಾಲಿಗೆ ಕೂರಲಿ ಎಂದು. ಹಲಸೂರಿನ ಹಿರಿಯರಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಒಳಗೇನು ಬರೆದಿದ್ದೇನೆ ಎಂದು ಕೇಳಲಿಲ್ಲ.

“ಇದ್ಯಾಕೆ ತಮ್ಮಾ, ಅಕ್ಷರಕ್ಕೆ ಹಿಂಗೆ ಹೊಡ್ದಿದ್ದೀಯ?” ಎಂದರು.

ಆಮೇಲೆ ಮನೆಗೆ ಬಂದು ಅದನ್ನು ಎರಡು ಸಾಲು ಮಾಡಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.